ಪ್ಲಗ್ ಖಲಾಸ್

ಭಾವನ ಕಾರಿನ ಬಾಗಿಲು ತೆಗೆದರೆ ಮೊದಲು ಮೂಗಿಗೆ ಹೊಡೆಯುವುದು ಸೆಂಟು. ಡ್ಯಾಶ್‌ಬೋರ್ಡಿನ ಮೇಲೆ ಕಿರೀಟದ ಆಕಾರದ ಸೆಂಟಿನ ಬಾಟಲಿ, ಕನ್ನಡಿಗೆ ನೇತುಹಾಕಿದ ಇನ್ನೊಂದು, ಎಸಿಯ ಕಿಂಡಿಗೆ ಸಿಕ್ಕಿಸಿದ ಮತ್ತೊಂದು. ಹಿಂದಿನ ಗಾಜಿನ ಹತ್ತಿರ ಚಿನ್ನದ ಬಣ್ಣದ ಟಿಶ್ಯೂ ಡಬ್ಬಿ. ಸ್ಟೇರಿಂಗಿಗೆ ಚರ್ಮದ ಅಂಗಿ, ಸೀಟಿಗೆ ಬಟ್ಟೆಯ ಅಂಗಿ, ಆ ಅಂಗಿಯ ಮೇಲೆ ಪ್ಲಾಸ್ಟಿಕ್ಕು. ಬೇಸ್‌ಮೆಂಟಿಗೆ ಬಂದು ಕಾರು ಒರೆಸಿ ಹೋಗಲು ಒಬ್ಬ ಮನುಷ್ಯ. ಇಷ್ಟೆಲ್ಲ ಮಾಡುವ ಭಾವ ಆ ಕಾರಿನ ಬಾನೆಟ್ಟನ್ನು ಒಂದು ದಿನವೂ ಎತ್ತಿ ನೋಡಿದವರಲ್ಲ. ಬಾನೆಟ್ ತೆಗೆಯಿರಿ ಅಂದರೆ ಪೆಟ್ರೋಲ್ ಮುಚ್ಚಳ ತೆಗೆಯುತ್ತಿದ್ದರು.

ಎದುರಿಗೆ ಅವರನ್ನು ನೀವು ಅನ್ನುತ್ತೇನೆ. ಅಕ್ಕನ ಗಂಡ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಇದನ್ನು ಅಕ್ಕ ಓದುತ್ತಾಳೆ.

ನಾನು ಓದಿದವನಲ್ಲ. ಹತ್ತನೇ ಕ್ಲಾಸಿನ ಬಾಗಿಲು ನೋಡಿ ವಾಪಸು ಬಂದವನು. ಕಾರ್ಕಳದಲ್ಲಿ ಬೈಕ್ ರಿಪೇರಿಯ ಅಂಗಡಿಯೊಂದರಲ್ಲಿ ಸ್ವಲ್ಪ ಕಾಲ ಇದ್ದೆ. ಈಗ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಇಳಿಸುತ್ತೇನೆ, ಅಲ್ಲಿಯೇ ಕಂಪನಿಯ ಕ್ಯಾಂಪಿನಲ್ಲಿ ಮಲಗುತ್ತೇನೆ. ಭಾನುವಾರ ರಜೆ. ಮೆಟ್ರೋ, ಬಸ್ಸು ಹಿಡಿದು ಅಲ್ ನಹ್ದಾದ ಅಕ್ಕನ ಮನೆಗೆ ಹೋಗಿ ಮೀನು ಸಾರು ಉಂಡು ಬರುವುದು. ಕಾರಿನ ಬಗ್ಗೆ ಬರೆಯುವವರು ಅದರ ಹೃದಯ, ಅದರ ಉಸಿರು ಅಂತೆಲ್ಲ ಬರೆಯುತ್ತಾರಂತೆ. ಕಾರಿಗೆ ಹೃದಯ ಇಲ್ಲ. ಪೆಟ್ರೋಲ್ ಬರಬೇಕು, ಗಾಳಿ ಬರಬೇಕು, ಕಿಡಿ ಹಾರಬೇಕು. ಕಿಡಿ ಹಾರಿಸುವುದು ಪ್ಲಗ್ಗು. ಇಷ್ಟೇ.

ನಾನು ದುಬೈಗೆ ಬಂದ ಮೊದಲ ದಿನವೇ ಭಾವ ನನಗೆ ಪಾಠ ಮಾಡಿದ್ದರು. ವಿಮಾನ ನಿಲ್ದಾಣದಿಂದ ಮನೆ ತಲುಪುವವರೆಗೂ ಪಾಠ.

“ಯಲ್ಲಾ ಅಂದ್ರೆ ಹೊರಡುವ. ಮಾಫಿ ಅಂದ್ರೆ ಇಲ್ಲ. ಖಲಾಸ್ ಅಂದ್ರೆ ಮುಗೀತು, ಕೆಲಸ ಆಯ್ತು ಅಂತ. ಊರಲ್ಲಿ ಯಾರಾದ್ರೂ ಸತ್ರೆ ಖಲಾಸ್ ಅಂತೀರಲ್ಲ, ಅದಲ್ಲ. ಆ ಹಳ್ಳಿ ಭಾಷೆ ಇಲ್ಲಿ ಬೇಡ. ನಂಗೆ ಗಲ್ಫಲ್ಲಿ ಹದಿನೈದು ವರ್ಷ ಆಯ್ತು ಗೊತ್ತುಂಟಾ?”

ಗೊತ್ತುಂಟು. ಅವರು ಅದನ್ನು ಹೇಳದ ದಿನ ಇಲ್ಲ. ಆಫೀಸಿನಲ್ಲಿ ಲೆಕ್ಕ ಬರೆಯುತ್ತಾರೆ, ಸಂಜೆ ಸಂಘದ ಕೆಲಸ ಅಂತ ಓಡಾಡುತ್ತಾರೆ. ಸಂಘ ಅಂದರೆ ಒಬ್ಬರಿಗೊಬ್ಬರು ಶಾಲು ಹೊದಿಸುವ ಜಾಗ. ನಲವತ್ತೈದು ಡಿಗ್ರಿ ಬಿಸಿಲಿರುವ ಊರಿನಲ್ಲಿ ಶಾಲು.

ಕಾರು ಜಪಾನಿನದು, ಹಳತು, ಆದರೆ ಗಟ್ಟಿ. ಅದಕ್ಕೆ ಒಂದು ತೊಂದರೆ ಶುರುವಾಗಿತ್ತು. ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ, ಎಸಿ ಹಾಕಿ ಏರು ಹತ್ತುವಾಗ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಎಳೆಯುತ್ತಿತ್ತು. ಕೂತವರ ಕುತ್ತಿಗೆ ಹಿಂದೆ ಮುಂದೆ ಆಗುತ್ತಿತ್ತು. ಬೇಸ್‌ಮೆಂಟಿನಿಂದ ರಸ್ತೆಗೆ ಹತ್ತುವ ಏರಿನಲ್ಲಂತೂ ಒಂದೊಂದು ಸಲ ನಿಂತೇಬಿಡುತ್ತಿತ್ತು. ಭಾವ ಓಡಿಸುವಾಗ ಹೀಗಾದರೆ ತಪ್ಪು ಪೆಟ್ರೋಲಿನದು. ಅಕ್ಕ ಓಡಿಸುವಾಗ ಹೀಗಾದರೆ ತಪ್ಪು ಅಕ್ಕನದು.

ಅಕ್ಕ ಲ್ಯಾಬ್ ಟೆಕ್ನಿಷಿಯನ್. ರೋಗಿಗಳ ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು ಅವಳ ಕೆಲಸ. ಅವಳಿದ್ದ ಕ್ಲಿನಿಕ್ಕು ಮುಚ್ಚಿದ ಮೇಲೆ ಮನೆಯಲ್ಲಿ ಕೂತಿದ್ದಳು. ಕೂತ ಸಮಯದಲ್ಲಿ ಲೈಸೆನ್ಸಿಗೆ ಹೋದಳು. ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದಳು. ಪಾಸಾದ ಸುದ್ದಿಯನ್ನು ಭಾವ ಎಲ್ಲರಿಗೂ ಹೇಳಿದ್ದು ಹೀಗೆ: “ಅಂತೂ ಪೊಲೀಸರಿಗೇ ಸಾಕಾಗಿ ಕೊಟ್ಟುಬಿಟ್ರು.”

ಒಂದು ಸಂಜೆ ಅಲ್ ನಹ್ದಾದ ದೊಡ್ಡ ಸಿಗ್ನಲ್ಲಿನಲ್ಲಿ ಹಸಿರು ಬಿದ್ದಾಗ ಕಾರು ಎರಡು ಸಲ ಕುಲುಕಿ ಆಫ್ ಆಯಿತು. ಹಿಂದಿನಿಂದ ಹಾರನ್ನು. ಪಕ್ಕದ ದೊಡ್ಡ ಗಾಡಿಯವನೊಬ್ಬ ಗಾಜು ಇಳಿಸಿ ಚಪ್ಪಾಳೆ ತಟ್ಟಿದನಂತೆ. ಅಕ್ಕ ಭಾವನಿಗೆ ಫೋನ್ ಮಾಡಿದಳು. ಅವರು ಟ್ಯಾಕ್ಸಿಯಲ್ಲಿ ಬಂದು ಇಳಿದು ಆಡಿದ ಮೊದಲ ಮಾತು, “ಎಷ್ಟು ಸಲ ಹೇಳಿದ್ದೇನೆ, ಕಾಲು ಹಗುರ ಇಡು ಅಂತ?” ಆಮೇಲೆ ತಾವೇ ಓಡಿಸಿಕೊಂಡು ಬಂದರು. ಮನೆಯ ಹತ್ತಿರ ಕಾರು ಅವರ ಕೈಯಲ್ಲೂ ಕುಲುಕಿತು. “ಈ ಪಂಪಿನ ಪೆಟ್ರೋಲೇ ಸರಿ ಇಲ್ಲ” ಅಂದರು. ಅವತ್ತು ಕೀಲಿಯನ್ನು ಮೊಳೆಗೆ ಹಾಕಿದ ಅಕ್ಕ ಮತ್ತೆ ಅದನ್ನು ಮುಟ್ಟಲಿಲ್ಲ.

ಭಾವನ ಸ್ನೇಹಿತರೊಬ್ಬರು ಅದೇ ಕಟ್ಟಡದಲ್ಲಿ ಇದ್ದಾರೆ. ಮಂಗಳೂರಿನ ಕೊಂಕಣಿಯವರು, ಹೋಟೆಲ್ಲಿನಲ್ಲಿ ಕೆಲಸ. ಯಾವ ವಿಷಯವಾದರೂ ಸರಿ, ಗೊತ್ತಿಲ್ಲ ಅಂದವರಲ್ಲ. ಒಂದು ಭಾನುವಾರ ನಾನು ಉಣ್ಣುತ್ತಿದ್ದಾಗ ಬಂದು ಕೂತು, ನಮ್ಮ ಮೀನನ್ನೇ ಬಾಯಿಗೆ ಹಾಕಿಕೊಂಡು ಹೇಳಿದರು.

“ಭಾಬಿ, ಆಕ್ಸಿಲರೇಟರನ್ನು ಪ್ರೀತಿಯಿಂದ ಒತ್ತಬೇಕು. ಲೇಡೀಸ್ ಎಲ್ಲ ಹೊಲಿಗೆ ಮಿಷನ್ ತುಳಿದ ಹಾಗೆ ತುಳೀತಾರೆ.”

“ನಿಮ್ಮ ಕಾರು ಮೊನ್ನೆ ಕಂಬಕ್ಕೆ ಗುದ್ದಿತಲ್ಲ, ಅದು ಎಂತ ಪ್ರೀತಿ?” ಅಂದಳು ಅಕ್ಕ.

ಅವರು ನಕ್ಕು ಇನ್ನೊಂದು ತುಂಡು ಹಾಕಿಕೊಂಡರು. ನಾನು ಭಾವನಿಗೆ ಹೇಳಿದೆ, “ಭಾವ, ಕಿಡಿ ತಪ್ತಾ ಉಂಟು. ಪ್ಲಗ್ಗು ಹೋಗಿದೆ. ಬೈಕಲ್ಲಿ ಹೀಗೇ ಆಗ್ತದೆ.”

“ಪ್ಲಗ್ಗು ಹೊಸದು ಮಾರಾಯ. ಮೊನ್ನೆ ಆಯಿಲ್ ಬದಲಿಸುವಾಗ ಗ್ಯಾರೇಜಲ್ಲಿ ಹಾಕಿಸಿ ಆಗಿದೆ, ಗ್ಯಾರೇಜಿನವ ಫೋನಲ್ಲೇ ಹೇಳಿದ. ಪ್ಲಗ್ಗಿಗೆ ಅವ ಹಣವೂ ತಗೊಳ್ಳಲಿಲ್ಲ. ಯಾಕೆ? ಅಲ್ಲಿ ನಂಗೆ ಮರ್ಯಾದೆ ಉಂಟು. ನೀನು ಎಂಜಿನ್ ಮುಟ್ಬೇಡ. ಇದು ನಿನ್ನ ಊರಿನ ಬೈಕ್ ಅಲ್ಲ.”

ಹಣ ತೆಗೆದುಕೊಳ್ಳದೆ ಪ್ಲಗ್ಗು ಹಾಕುವ ಗ್ಯಾರೇಜು ಭೂಮಿಯ ಮೇಲೆ ಇಲ್ಲ. ಆದರೆ ಮರ್ಯಾದೆಯ ಮಾತು ಬಂದ ಮೇಲೆ ನಾನು ಬಾಯಿ ಮುಚ್ಚಿ ಸಾರು ಹಾಕಿಕೊಂಡೆ.

ಆಮೇಲೆ ಅಕ್ಕನಿಗೆ ಕೆಲಸ ಸಿಕ್ಕಿತು. ನನ್ನ ಗೋದಾಮು ಇರುವ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲೇ ಒಂದು ಕ್ಲಿನಿಕ್ಕು. ಅಲ್ ನಹ್ದಾದಿಂದ ಅಲ್ಲಿಗೆ ಅಂದರೆ ದುಬೈಯ ಈ ತುದಿಯಿಂದ ಆ ತುದಿ. ಬೆಳಿಗ್ಗೆ ಬೇಗ ಶುರುವಾಗುವ ಪಾಳಿ, ಬಸ್ಸು ನಂಬಿದರೆ ಆಗದು. ಕಾರು ಬೇಕೇ ಬೇಕು. ಭಾವ ಆಫೀಸಿಗೆ ಹೋಗುವುದು ಮೆಟ್ರೋದಲ್ಲಿ, ಕಾರು ಬೇಸ್‌ಮೆಂಟಿನಲ್ಲಿ ಸೆಂಟು ಕುಡಿಯುತ್ತ ನಿಂತಿರುತ್ತದೆ. ಬರುತ್ತೀರೋ ಇಲ್ಲವೋ ಎಂದು ಸೋಮವಾರದೊಳಗೆ ಹೇಳಿ ಅಂದಿದ್ದರು ಕ್ಲಿನಿಕ್ಕಿನವರು.

“ಆ ಹೈವೇಯಲ್ಲಿ ನಿಂಗೆ ಆಗ್ತದಾ? ಇಲ್ಲಿ ಸಿಗ್ನಲ್ ದಾಟ್ಲಿಕ್ಕೇ ಆಗ್ಲಿಲ್ಲ” ಅಂದರಂತೆ ಭಾವ. ಬೇಡ ಅನ್ನಲಿಲ್ಲ. ಬೇಡ ಅಂದರೆ ಕೆಟ್ಟವರಾಗುತ್ತಾರಲ್ಲ. ನಿನ್ನಿಂದ ಆಗದು ಅಂದರೆ ಒಳ್ಳೆಯವರು.

ಫೋನಿನಲ್ಲಿ ಅಕ್ಕ ನನ್ನನ್ನು ಒಂದೇ ಒಂದು ಕೇಳಿದಳು. “ಸರಿಯಾಗಿ ಹೇಳು. ಅದು ನನ್ನ ಕಾಲಾ, ಕಾರಾ?”

“ಕಾರು” ಅಂದೆ.

“ನೋಡದೆ ಹೇಗೆ ಹೇಳ್ತೀ?”

“ಭಾನುವಾರ ನೋಡುವ.”

ಆ ಭಾನುವಾರ ಭಾವ ಬರ್ ದುಬೈಗೆ ಸಂಘದ ಮೀಟಿಂಗಿಗೆ ಹೋಗಿದ್ದರು. ನಾನು ಬರುವ ದಾರಿಯಲ್ಲಿ ಕಾರಿನ ಮಾದರಿ ಹೇಳಿ ನಾಲ್ಕು ಪ್ಲಗ್ಗು ತಂದಿದ್ದೆ, ಕ್ಯಾಂಪಿನ ಡ್ರೈವರ್ ಹತ್ತಿರ ಪಾನಾ ಸೆಟ್ಟು ತಂದಿದ್ದೆ. ಅಕ್ಕ ಮೊಳೆಯಿಂದ ಕೀಲಿ ತೆಗೆದಳು. ನೈಟಿಯ ಮೇಲೆ ಭಾವನ ಹಳೆಯ ಅಂಗಿ ಹಾಕಿಕೊಂಡು ಬೇಸ್‌ಮೆಂಟಿಗೆ ಇಳಿದಳು. ಅಲ್ಲಿ ಗಾಳಿ ಇಲ್ಲ. ಒಲೆಯ ಮೇಲೆ ಮುಚ್ಚಿಟ್ಟ ಪಾತ್ರೆಯೊಳಗೆ ಇದ್ದ ಹಾಗೆ.

ಬಾನೆಟ್ ಎತ್ತಿದೆ. ಹೊರಗೆ ಮಿರಮಿರ ಮಿಂಚುವ ಕಾರು, ಒಳಗೆ ಬೆರಳು ಇಟ್ಟರೆ ಬೆರಳಿನ ಗುರುತು ಉಳಿಯುವಷ್ಟು ಮರಳು. ಮೇಲಿನ ಪ್ಲಾಸ್ಟಿಕ್ ಹಲಗೆ ಕಿತ್ತರೆ ಸಾಲಾಗಿ ನಾಲ್ಕು ಕಾಯಿಲ್ಲು. ಕರೆಂಟು ಕೊಡುವ ಕೊಳವೆಗಳು ಅವು. ಅವುಗಳ ಅಡಿಯಲ್ಲಿ ಆಳದ ಹೊಂಡ, ಹೊಂಡದ ತಳದಲ್ಲಿ ಪ್ಲಗ್ಗು. ಮೊದಲನೆಯ ಕಾಯಿಲ್ಲಿನ ವಯರು ಬಿಡಿಸಲು ಒತ್ತಿದೆ, ಟಕ್ ಅಂತು.

“ಎಂತ ಮುರಿದದ್ದು?”

“ಏನಿಲ್ಲ.”

“ಏನಿಲ್ಲ ಅಂದ್ರೆ ಶಬ್ದ ಎಲ್ಲಿಂದ ಬಂತು?”

“ಕ್ಲಿಪ್ಪು. ಬಿಸಿಗೆ ಒಣಗಿ ಹಪ್ಪಳ ಆಗಿದೆ. ಟಿವಿ ವಯರಿಗೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಇದ್ರೆ ಸಾಕು, ಬಿಗೀತೇನೆ.”

ಅವಳು ಪಟ್ಟಿ ತರಲು ಮೇಲೆ ಹೋದಳು. ಬರುವಾಗ ಜ್ಯೂಸ್ ಕುಡಿಯುವ ಕಡ್ಡಿಯನ್ನೂ ತಂದಿದ್ದಳು. ಹೊಂಡದ ತಳದಲ್ಲಿ ಮರಳಿತ್ತು. ಹಾಗೆಯೇ ಪ್ಲಗ್ಗು ಬಿಚ್ಚಿದರೆ ಅದು ಎಂಜಿನ್ನಿನೊಳಗೆ ಬೀಳುತ್ತದೆ ಎಂದು ನಾನು ಹೇಳಿದ್ದೆ. ಕಡ್ಡಿ ಇಳಿಸಿ ಊದಿದೆ. ಮರಳೆಲ್ಲ ವಾಪಸು ನನ್ನ ಕಣ್ಣಿಗೆ ಬಂತು. ಅಕ್ಕ ನಕ್ಕಳು. ಅವಳು ನಗುವುದನ್ನು ಕೇಳಿ ಬಹಳ ದಿನ ಆಗಿತ್ತು. ಅಷ್ಟಕ್ಕೆ ಇನ್ನೆರಡು ಸಲ ಊದಿದೆ.

ಅಷ್ಟರಲ್ಲಿ ನಾತೂರ ಬಂದ. ಇಲ್ಲಿ ಕಟ್ಟಡದ ಕಾವಲುಗಾರನಿಗೆ ಹಾಗೆ ಹೇಳುವುದು. ಎರಡು ಕೈ ಹಿಂದೆ ಕಟ್ಟಿಕೊಂಡು, ಕಟ್ಟಡ ಅವನ ಅಪ್ಪ ಕಟ್ಟಿಸಿದ್ದು ಎಂಬ ಹಾಗೆ.

“ಇಧರ್ ಗಾಡಿ ಕಾ ಕಾಮ್ ಮಾಫಿ, ಭಾಯ್.”

“ಕಾಮ್ ಎಲ್ಲಿ ಉಂಟು? ನೋಡ್ತಾ ಇದ್ದೇವೆ” ಅಂದಳು ಅಕ್ಕ ಹಿಂದಿಯಲ್ಲಿ.

“ಸಾಬ್‌ಗೆ ಫೋನ್ ಮಾಡ್ತೇನೆ.”

“ಮಾಡು. ಬರುವಾಗ ತಣ್ಣೀರು ತರ್ಲಿಕ್ಕೆ ಹೇಳು.”

ಅವನು ನಿಜವಾಗಿಯೂ ಫೋನ್ ಹಿಡಿದು ಲಿಫ್ಟಿನ ಕಡೆ ಹೋದ. ಚಾಡಿ ಹೇಳಲು ಇಷ್ಟು ಅವಸರ ಇರುವವರು ಕಟ್ಟಡದ ನೀರಿನ ಮೋಟರು ಕೆಟ್ಟಾಗ ಎಲ್ಲಿ ಹೋಗುತ್ತಾರೋ.

ಮೊದಲನೆಯ ಪ್ಲಗ್ಗು ಸುಲಭಕ್ಕೆ ಬರಲಿಲ್ಲ. ಪಾನಾದ ಹಿಡಿಗೆ ಮೈಯೆಲ್ಲ ಭಾರ ಹಾಕಿದ ಮೇಲೆ ಕಿರ್ ಅಂತು. ಮೇಲೆ ತೆಗೆದು ಬೆಳಕಿಗೆ ಹಿಡಿದೆ. ಕಿಡಿ ಹಾರುವ ತುದಿ ಚೂಪು ಇರಬೇಕು, ಇದು ಸವೆದು ಗುಂಡಗೆ ಆಗಿತ್ತು. ಎಡೆಯಲ್ಲಿ ನನ್ನ ಉಗುರು ಸಲೀಸಾಗಿ ಹೋಗಿ ಬರುತ್ತಿತ್ತು. ಬುಡದಲ್ಲಿ ತುಕ್ಕು. ಹೊಸ ಪ್ಲಗ್ಗನ್ನು ಪಕ್ಕದಲ್ಲಿ ಹಿಡಿದು ಅಕ್ಕನಿಗೆ ತೋರಿಸಿದೆ. ಅವಳು ಎರಡನ್ನೂ ಕಣ್ಣಿನ ಹತ್ತಿರ ತಂದು ನೋಡಿದಳು.

“ಇದು ಮೊನ್ನೆ ಹಾಕಿದ್ದಾ?”

“ಕಾರು ಫ್ಯಾಕ್ಟರಿಯಿಂದ ಬರುವಾಗ ಇದ್ದದ್ದು ಅಂತ ಕಾಣ್ತದೆ. ಇದು ಸಿಗ್ನಲಿನಲ್ಲಿ ನಿಲ್ಲದೆ ಎಂತ ಮಾಡ್ತದೆ?”

ಅವಳು ಹಳೆಯ ಪ್ಲಗ್ಗನ್ನು ಅಂಗಿಯ ಜೇಬಿಗೆ ಹಾಕಿಕೊಂಡಳು.

ಉಳಿದ ಮೂರನ್ನೂ ಹಾಗೆಯೇ ಬಿಚ್ಚಿದೆ. ಅವೂ ಅದೇ ಅವಸ್ಥೆ. ಹೊಸದು ಹಾಕುವಾಗ ಉದ್ದ ಕಬ್ಬಿಣದ ಕೋಲಿನ ತುದಿಗೆ ಪ್ಲಗ್ಗು ಸಿಕ್ಕಿಸಿ, ಹಿಡಿ ಹಾಕದೆ ಬೆರಳಲ್ಲಿಯೇ ತಿರುಗಿಸಬೇಕು. ಅಡ್ಡ ಕೂತರೆ ಒಳಗಿನ ತಿರುಪಿನ ಹಲ್ಲು ಹೋಗುತ್ತದೆ, ಆಮೇಲೆ ಎಂಜಿನ್ನೇ ಬಿಚ್ಚಬೇಕು. ಪೆಟ್ಟಿಗೆ ಎತ್ತಿ ಎತ್ತಿ ನನ್ನ ಬೆರಳು ಮರದ ಹಾಗಾಗಿದೆ. ಸುರು ಮಾಡಿದ ಕೂಡಲೇ ಅಡ್ಡ ಹಿಡಿಯಿತು, ವಾಪಸು ತೆಗೆದೆ. ಮತ್ತೆ ಅಡ್ಡ.

“ಕೊಡು ಇಲ್ಲಿ” ಅಂದಳು ಅಕ್ಕ. “ನಿನ್ನ ಕೈಗೆ ಎಲ್ಲ ಪೆಟ್ಟಿಗೆಯೇ.”

ಕೋಲು ಹಿಡಿದು ಕಣ್ಣು ಮುಚ್ಚಿದಳು. ಮೊದಲು ಉಲ್ಟಾ ತಿರುಗಿಸಿದಳು, ನಿಧಾನಕ್ಕೆ, ಒಳಗೆ ಟಿಕ್ ಎಂದು ಕೂರುವವರೆಗೆ. ಆಮೇಲೆ ಸೀದಾ. ಎರಡು ಬೆರಳಲ್ಲಿ ಬಾಟಲಿಯ ಮುಚ್ಚಳ ಹಾಕಿದ ಹಾಗೆ ಹೋಯಿತು. ನಾಲ್ಕನ್ನೂ ಅವಳೇ ಕೂರಿಸಿದಳು. ಮಕ್ಕಳ ಕೈಯಲ್ಲಿ ನರ ಹುಡುಕಿ ಸೂಜಿ ಹಾಕುವವಳಿಗೆ ಕಾಲು ಹಗುರ ಇಡಲು ಕಲಿಸಲು ಬಂದಿದ್ದರಲ್ಲ, ಅವರನ್ನು ನೆನೆದು ನಾನು ನೆಲಕ್ಕೆ ಉಗಿದೆ. ಕೊನೆಯಲ್ಲಿ ಅರ್ಧ ಸುತ್ತು ಬಿಗಿ ಮಾಡಿದ್ದು ಮಾತ್ರ ನಾನು.

ಕಾಯಿಲ್ಲುಗಳನ್ನು ವಾಪಸು ಕೂರಿಸಿ, ಮುರಿದ ಕ್ಲಿಪ್ಪಿಗೆ ಪಟ್ಟಿ ಬಿಗಿಯುತ್ತಿದ್ದಾಗ ಲಿಫ್ಟಿನ ಬಾಗಿಲು ತೆರೆಯಿತು. ಭಾವ. ಹಿಂದೆ ನಾತೂರ. ಭಾವನ ಕೈಯಲ್ಲಿ ಮಡಚಿದ ಶಾಲು. ಯಾರಿಗೋ ಹೊದಿಸಿ ಉಳಿದದ್ದಿರಬೇಕು.

“ಎಂತ ಮಾಡ್ತಾ ಇದ್ದೀರಿ ನೀವು? ನಾನು ಮೀಟಿಂಗ್ ಅರ್ಧಕ್ಕೆ ಬಿಟ್ಟು ಬಂದೆ!”

“ಪ್ಲಗ್ಗು ಹಾಕಿದೆವು” ಅಂದಳು ಅಕ್ಕ.

“ಪ್ಲಗ್ಗು ಹಾಕಿ ಆಗಿದೆ ಅಂತ ಎಷ್ಟು ಸಲ ಹೇಳ್ಬೇಕು? ಇವನ ಬೈಕ್ ಬುದ್ಧಿ ಕೇಳಿ ನನ್ನ ಕಾರು ಹಾಳು ಮಾಡಿದಿಯಲ್ಲ ಮಾರಾಯ್ತಿ!”

ಅಕ್ಕ ಜೇಬಿನಿಂದ ಹಳೆಯ ಪ್ಲಗ್ಗು ತೆಗೆದು ಅವರ ಅಂಗೈಯಲ್ಲಿ ಇಟ್ಟಳು. ಅವರು ಅದನ್ನು ತಿರುಗಿಸಿ ನೋಡಿದರು. ಅದರಲ್ಲಿ ಏನು ನೋಡಬೇಕು ಎಂದು ಗೊತ್ತಿದ್ದರಲ್ಲವೇ.

“ಗ್ಯಾರೇಜಿನವ ಫೋನಿನಲ್ಲಿ ಎಂತ ಹೇಳಿದ್ದು ನಿಮ್ಗೆ?”

“ಎಂತ ಅಂದ್ರೆ? ‘ಸಾಬ್, ಪ್ಲಗ್ ಖಲಾಸ್’ ಅಂದ. ಹಾಕಿ ಆಯ್ತು ಅಂತ. ನಾನು ಯಲ್ಲಾ, ಬರ್ತೇನೆ ಅಂದೆ. ಗಾಡಿ ತಂದೆ.”

ನನಗೆ ಹೊಟ್ಟೆಯೊಳಗಿನಿಂದ ನಗು ಹತ್ತಿ ಬಂತು. ಕ್ಲಿಪ್ಪು ನೋಡುವವನ ಹಾಗೆ ತಲೆಯನ್ನು ಬಾನೆಟ್ಟಿನೊಳಗೆ ಹಾಕಿದೆ.

“ಯಾವ ಖಲಾಸ್?” ಅಂದಳು ಅಕ್ಕ.

“ಯಾವ ಖಲಾಸ್ ಅಂದ್ರೆ? ಖಲಾಸ್ ಒಂದೇ.”

“ಫೋನ್ ಮಾಡಿ. ಸ್ಪೀಕರಿಗೆ ಹಾಕಿ.”

“ಭಾನುವಾರ ಅವ ಇರುವುದಿಲ್ಲ.”

“ಇದ್ದರೆ ತೆಗೀತಾನೆ.”

ಇದ್ದ. ಪಠಾಣ, ದೊಡ್ಡ ಗಂಟಲು. ಭಾವ ತಮ್ಮ ಹದಿನೈದು ವರ್ಷದ ಹಿಂದಿಯಲ್ಲಿ ಸುತ್ತಿ ಬಳಸಿ ಕೇಳಿದರು. ಅವನು ಸುತ್ತಲಿಲ್ಲ.

“ಹಾಂ ಸಾಬ್! ನಾನು ಬೋಲಾ, ಪ್ಲಗ್ ಖಲಾಸ್ ಹೈ, ಚಾರೋಂ ಮರ್ ಗಯಾ. ಹೊಸದು ಹಾಕ್ಲಾ ಅಂತ ಕೇಳುವ ಮೊದಲೇ ಆಪ್ ಯಲ್ಲಾ ಯಲ್ಲಾ ಬೋಲ್ಕೆ ಫೋನ್ ಬಂದ್. ಆಮೇಲೆ ಬಂದು ಆಯಿಲ್ ಕಾ ಪೈಸಾ ಕೊಟ್ಟು ಗಾಡಿ ಲೇ ಗಯಾ. ನಾನು ಸೋಚಾ, ಸಾಬ್ ಪ್ಲಗ್ ಎಲ್ಲೋ ಬೇರೆ ಕಡೆ ಹಾಕ್ತಾರೆ.”

ಅವನ ಮಾತಿನಲ್ಲಿ ಹಿಂದಿ ಎಷ್ಟಿತ್ತೋ, ನನಗೆ ನೆನಪಿರುವುದು ಹೀಗೆ. ಮರ್ ಗಯಾ ಅಂದದ್ದು ಮಾತ್ರ ಗಟ್ಟಿ. ನಾಲ್ಕೂ ಸತ್ತಿವೆ ಅಂದಿದ್ದ ಮನುಷ್ಯ. ನಮ್ಮ ಊರಿನಲ್ಲಿ ಹೇಳುವ ಖಲಾಸ್. ನನ್ನ ಅಜ್ಜಿ ಆ ಫೋನ್ ತೆಗೆದಿದ್ದರೂ ಅರ್ಥ ಆಗುತ್ತಿತ್ತು. ಅದನ್ನು ಹಳ್ಳಿ ಭಾಷೆ ಎಂದು ಮರೆತವರಿಗೆ ಮಾತ್ರ ಆಗಲಿಲ್ಲ. ಅದಕ್ಕೆ ಪುಕ್ಕಟೆ ಪ್ಲಗ್ಗು, ಅದಕ್ಕೆ ಮರ್ಯಾದೆ, ಅದಕ್ಕೆ ನನ್ನ ಅಕ್ಕ ಸಿಗ್ನಲ್ಲಿನ ನಡುವೆ ಚಪ್ಪಾಳೆ ಕೇಳುತ್ತ ನಿಂತದ್ದು.

ಭಾವ ಫೋನ್ ಇಟ್ಟರು. “ಈ ಗ್ಯಾರೇಜಿನವರಿಗೆ ಸರಿಯಾಗಿ ಮಾತಾಡ್ಲಿಕ್ಕೇ ಬರುವುದಿಲ್ಲ” ಅಂದರು.

ಅಕ್ಕ ಟಿಶ್ಯೂ ಡಬ್ಬಿಯಿಂದ ಒಂದು ಹಿಡಿ ಕಿತ್ತು ಕೈ ಒರೆಸಿಕೊಂಡಳು. ನಾನು ಬಾನೆಟ್ ಹಾಕಿದೆ. ಭಾವ ಅಭ್ಯಾಸದ ಮೇಲೆ ಡ್ರೈವರ್ ಬಾಗಿಲಿನ ಕಡೆ ಹೋಗಿ ಕೈ ಚಾಚಿದರು, ಕೀಲಿಗೆ. ಅವಳು ಕೊಡಲಿಲ್ಲ.

“ನೀನು ನೈಟಿಯಲ್ಲಿ ಇದ್ದೀ.”

“ಕಾರಿಗೆ ಗೊತ್ತಾಗುವುದಿಲ್ಲ.”

“ನಾನೂ ಬರ್ತೇನೆ. ಮೊದಲು ನಾನು ಒಂದು ರೌಂಡ್...”

“ಬೇಡ. ನೀನೂ ಬೇಡ” ಅಂದಳು ನನಗೆ. ನಾನು ಆಗಲೇ ಆಚೆ ಬಾಗಿಲಿಗೆ ಕೈ ಹಾಕಿದ್ದೆ.

ಕೂತು ಸ್ಟಾರ್ಟ್ ಮಾಡಿದಳು. ಹತ್ತಿತು. ಎಸಿ ಹಾಕಿದಳು, ಪೂರ್ತಿ. ಕನ್ನಡಿಯಲ್ಲಿ ನೇತಾಡುತ್ತಿದ್ದ ಸೆಂಟಿನ ಬಾಟಲಿ ಕಿತ್ತು ಕಿಟಕಿಯಿಂದ ನನ್ನ ಕೈಗೆ ಕೊಟ್ಟಳು. ಹಿಂದೆ ತೆಗೆದು ಏರಿನ ಬುಡಕ್ಕೆ ಹೋಗಿ ನಿಂತಳು. ಅಲ್ಲಿಯೇ ಅದು ಯಾವಾಗಲೂ ಕುಲುಕುತ್ತಿದ್ದದ್ದು. ಬೇಕೆಂದೇ ನಿಂತಳು ಅಂತ ನನಗೆ ಗೊತ್ತಾಯಿತು. ಭಾವ ಶಾಲು ಹಿಸುಕುತ್ತಿದ್ದರು. ನಾತೂರ ಕೂಡ ಹಿಂದೆ ಕಟ್ಟಿದ ಕೈ ಬಿಚ್ಚಿದ್ದ.

ಕಾರು ಏರು ಹತ್ತಿತು. ಕುಲುಕಲಿಲ್ಲ. ಒಂದೇ ಶಬ್ದದಲ್ಲಿ ಹತ್ತಿ, ಮೇಲೆ ಬಿಸಿಲಿಗೆ ಹೋಗಿ, ಎಡಕ್ಕೆ ತಿರುಗಿತು.

ನಾವು ಮನೆಗೆ ಹೋಗಿ ಕೂತೆವು. ಅವಳು ಬರಲಿಲ್ಲ. ಭಾವ ಕಿಟಕಿಗೆ ಹೋಗಿ ಬಂದರು, ಮತ್ತೆ ಹೋದರು. ಹೋಟೆಲ್ಲಿನ ಸ್ನೇಹಿತರ ಫೋನ್ ಬಂತು. ಭಾವ ಅವರಿಗೆ, “ಹೌದು, ಪ್ಲಗ್ಗು ಹಾಕಿಸಿದೆ. ನಂಗೆ ಮೊದಲೇ ಡೌಟಿತ್ತು” ಅಂದದ್ದನ್ನು ನಾನು ಅಡುಗೆಮನೆಯಲ್ಲಿ ಕೇಳಿದೆ. ಮೀನು ಸಾರಿನ ಪಾತ್ರೆಯನ್ನು ನನ್ನ ಕಡೆಗೆ ಎಳೆದುಕೊಂಡೆ. ಅವರಿಗೆ ಉಳಿಸಬೇಕು ಅನ್ನಿಸಲಿಲ್ಲ.

ಊಟ ಮುಗಿದು ಕೈ ಒಣಗಿದ ಮೇಲೆ ಅಕ್ಕನ ಫೋನ್ ಬಂತು, ಭಾವನಿಗೆ. ನನಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದರೋ ಗಾಬರಿಯಲ್ಲಿ ಒತ್ತಿಹೋಯಿತೋ ಗೊತ್ತಿಲ್ಲ.

“ಎಲ್ಲಿದ್ದೀ ನೀನು?”

“ಇನ್ವೆಸ್ಟ್‌ಮೆಂಟ್ಸ್ ಪಾರ್ಕಲ್ಲಿ. ಕ್ಲಿನಿಕ್ಕಿನ ಎದುರು.”

“ಅಷ್ಟು ದೂರ? ಹೈವೇಯಲ್ಲಾ? ಗಾಡಿ? ಗಾಡಿ ಎಂತ ಆಯ್ತು?”

“ಖಲಾಸ್” ಅಂದಳು ಅಕ್ಕ.

ಹದಿನೈದು ವರ್ಷದಲ್ಲಿ ಮೊದಲ ಸಲ ಅವರು ಅರ್ಥ ಕೇಳಿದರು.

“ಯಾವ ಖಲಾಸ್ ಮಾರಾಯ್ತಿ? ಸರಿಯಾಗಿ ಹೇಳು!”

“ನಿಮ್ಮ ಖಲಾಸ್. ಕೆಲಸ ಆಯ್ತು ಅನ್ನುವ ಖಲಾಸ್. ಒಳಗೆ ಹೋಗಿ ಹೇಳಿ ಬಂದೆ, ಕೆಲಸಕ್ಕೆ ಬರ್ತೇನೆ ಅಂತ. ಅಂಗಿಯಲ್ಲಿ ಮಸಿ ಎಂತದ್ದು ಅಂತ ಕೇಳಿದ್ರು.”

“ನೀನು ಎಂತ ಹೇಳಿದ್ದು?”

“ಪ್ಲಗ್ಗು ಹಾಕ್ತಾ ಇದ್ದೆ ಅಂದೆ. ಅನ್ನ ಬಿಸಿ ಮಾಡಿ ಇಡಿ, ಹಸಿವೆ ಆಗ್ತಾ ಉಂಟು.”

ಫೋನ್ ಇಟ್ಟ ಭಾವ ಮೇಜಿನ ಮೇಲಿನ ಡಬ್ಬಿಯಿಂದ ಟಿಶ್ಯೂ ತೆಗೆದು ಎರಡೂ ಕೈಯನ್ನು ಚೆನ್ನಾಗಿ ಒರೆಸಿಕೊಂಡರು. ತೊಳೆದರೂ ಹೋಗದ ಮಸಿ ಇದ್ದದ್ದು ನನ್ನ ಕೈಯಲ್ಲಿ.